ಮಗು ನಿಂತ ಕಡೆಯಿಂದ

ಇಬ್ಬರು ಶಿಕ್ಷಕರು, ಐದು ತರಗತಿ. ಮಾಲೂರು ತಾಲ್ಲೂಕಿನ ನಮ್ಮ ಲಕ್ಕೂರು ಹೋಬಳಿಯ ಹಳ್ಳಿಗಳಲ್ಲಿ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಕಾನೂನು ಕೂಡ ತಪ್ಪು ಅನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ, ಒಂದರಿಂದ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳಿರುವ ತನಕ ಇಬ್ಬರು ಶಿಕ್ಷಕರು. ಅವರಲ್ಲೊಬ್ಬರು ಮುಖ್ಯ ಶಿಕ್ಷಕರ ಜವಾಬ್ದಾರಿಯನ್ನೂ ಹೊರಬೇಕು. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ, ಇಲಾಖೆಯ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ವಿವರ, ಮಾಲೂರಿನಲ್ಲಿ ಮೀಟಿಂಗು. ಅವರು ಹೊರಗೆ ಹೋದ ದಿನ ಇನ್ನೊಬ್ಬರ ಮುಂದೆ ಐದೂ ತರಗತಿಯ ಮಕ್ಕಳು ಕೂತಿರುತ್ತಾರೆ. ಒಂದು ಮಗುವಿಗೆ ಪೆನ್ಸಿಲ್ ಹಿಡಿಯಲು ಬರುವುದಿಲ್ಲ, ಇನ್ನೊಂದು ಮಗು ಭಿನ್ನರಾಶಿ ಮಾಡಬೇಕು.

ಅಂಥ ಶಾಲೆಯೊಂದರಲ್ಲಿ ಕೆಲಸ ಮಾಡಬೇಕೆಂದೇ ನಾನು ಡಿ.ಎಲ್.ಇಡಿ. ಓದುತ್ತಿದ್ದೇನೆ. ನಮ್ಮೂರಿನ ಹಿರಿಯರ ಬಾಯಲ್ಲಿ ಅದು ಇವತ್ತಿಗೂ ಟಿ.ಸಿ.ಎಚ್. ಈ ತರಬೇತಿಯಲ್ಲಿ ನಾವೆಲ್ಲ ಒಂದು ಬರಹ ಬರೆದುಕೊಡಬೇಕು: ನಿನ್ನ ಶಿಕ್ಷಣ ತತ್ವ ಏನು? ಹೆಸರು ಕೇಳಿದರೆ ದೊಡ್ಡ ಗ್ರಂಥದ ವಿಷಯ ಅನಿಸುತ್ತದೆ. ಆದರೆ ತರಗತಿಯಲ್ಲಿ ನಿಂತಾಗ ಏನನ್ನು ಮೊದಲು ಮಾಡುತ್ತೀಯ, ಏನನ್ನು ಬಿಡುತ್ತೀಯ, ಯಾಕೆ ಎನ್ನುವುದಕ್ಕೆ ನಮ್ಮಲ್ಲಿರುವ ಉತ್ತರವೇ ಅದು. ಬರೆಯಲಿ ಬಿಡಲಿ, ಪಾಠ ಮಾಡುವ ಪ್ರತಿಯೊಬ್ಬರಲ್ಲೂ ಒಂದು ತತ್ವ ಇದ್ದೇ ಇರುತ್ತದೆ. ಬೆತ್ತ ಹಿಡಿದು ಕಲಿಸಿದವರಿಗೂ ಇತ್ತು, ಭಯ ಇದ್ದರೇ ಮಗು ಕಲಿಯುವುದು ಅಂತ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಅದರ ಬಗ್ಗೆ ನನಗೆ ಚರ್ಚೆಯೇ ಬೇಡ.

ರೂಸೋ, ಡ್ಯೂಯಿ, ಟ್ಯಾಗೋರ್, ಪಿಯಾಜೆ, ಎಲ್ಲರನ್ನೂ ನಾವು ಓದುತ್ತೇವೆ. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಮೊದಲ ಪತ್ರಿಕೆಯ 150 ಅಂಕಗಳಲ್ಲಿ 30 ಅಂಕ ಇಂಥ ವಿಷಯಕ್ಕೇ ಮೀಸಲು. ಅವರ ಹೆಸರುಗಳನ್ನು ಜೋಡಿಸಿ ನಾಲ್ಕು ಪುಟ ತುಂಬಿಸುವುದು ಕಷ್ಟವಲ್ಲ. ನನ್ನ ಬರಹ ಮಾತ್ರ ಹಾಲಿನ ಡೇರಿಯಿಂದ ಶುರುವಾಯಿತು.

ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯಲ್ಲಿ ಐದನೇ ತರಗತಿಗೆ ದಶಮಾಂಶದ ಪಾಠ ನಡೆಸುತ್ತಿದ್ದೆ. ಬೋರ್ಡಿನ ಮೇಲೆ 8.5 ಮತ್ತು 8.45 ಬರೆದು ಯಾವುದು ದೊಡ್ಡದು ಎಂದು ಕೇಳಿದೆ. ತರಗತಿಯೆಲ್ಲ ಒಂದೇ ಬಾಯಲ್ಲಿ 8.45 ಎಂದಿತು. 45 ಎನ್ನುವುದು 5ಕ್ಕಿಂತ ದೊಡ್ಡದಲ್ಲವೇ! ಎಲ್ಲ ಊರಿನ ಮಕ್ಕಳೂ ಹೀಗೇ ಹೇಳುತ್ತಾರೆ, ಇದು ದಡ್ಡತನವಲ್ಲ. ಪೂರ್ಣಸಂಖ್ಯೆಗೆ ಕಲಿತ ನಿಯಮವನ್ನು ಬಿಂದುವಿನ ಆಚೆಗೂ ನಂಬಿಕೆಯಿಂದ ತೆಗೆದುಕೊಂಡು ಹೋಗಿರುತ್ತಾರೆ. ಕಿಟಕಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಹಾಗೇ ಶಾಲೆಗೆ ಬಂದವಳು. ಡೇರಿಯ ಚೀಟಿ ಅವಳ ಜಾಮಿಟ್ರಿ ಬಾಕ್ಸಿನಲ್ಲಿತ್ತು. ಬೆರಳಗಲದ ಆ ಕಾಗದದಲ್ಲಿ ಲೀಟರ್ 4.6, ಫ್ಯಾಟ್ 3.9, ಎಸ್‌ಎನ್‌ಎಫ್ 8.4 ಎಂದು ಅಚ್ಚಾಗಿತ್ತು. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಅಂಶ. ನೀರು ಬೆರೆತರೂ ಇಳಿಯುತ್ತದೆ, ಹಸುವಿಗೆ ಮೇವು ಸಾಲದಿದ್ದರೂ ಇಳಿಯುತ್ತದೆ, ಇಳಿದರೆ ದರವೂ ಇಳಿಯುತ್ತದೆ.

"ಎಸ್‌ಎನ್‌ಎಫ್ ಎಷ್ಟು ಬರಬೇಕಮ್ಮಾ?" ಎಂದೆ.

"ಎಂಟೂವರೆ ಬರ್ಬೇಕು ಮಿಸ್. ಇವತ್ತು ಎಂಟು ಪಾಯಿಂಟ್ ನಾಲ್ಕೇ ಬಂದಿರೋದು. ರೇಟ್ ಕಡಿಮೆ ಆಗೋಯ್ತು."

"ಮೆಷಿನ್ನು 8.45 ಅಂತ ತೋರಿಸಿದ್ರೆ?"

ಅವಳು ಚೀಟಿ ನೋಡಿದಳು, ಬೋರ್ಡು ನೋಡಿದಳು. "ಆಗ್ಲೂ ಕಡಿಮೇನೇ ಮಿಸ್. ಎಂಟೂವರೆ ಮುಟ್ಟಲಿಲ್ವಲ್ಲಾ."

ಹಿಂದಿನ ಬೆಂಚಿನಲ್ಲಿದ್ದ, ಅವರ ಮನೆಯಲ್ಲೂ ಎರಡು ಸೀಮೆಹಸು ಇರುವ ಹುಡುಗ ತಟ್ಟನೆ ಎದ್ದು "ಹೌದು ಮಿಸ್, 8.45 ಚಿಕ್ಕದು" ಎಂದ. ಆಮೇಲೆ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಉದ್ದನೆ ಗೆರೆ ಎಳೆದೆವು. ಒಂದು ತುದಿಗೆ 8.4, ಇನ್ನೊಂದು ತುದಿಗೆ 8.5, ನಡುವೆ ಹತ್ತು ಭಾಗ. 8.45 ಎಲ್ಲಿ ಬರುತ್ತದೆಂದು ಮಕ್ಕಳೇ ಹೋಗಿ ನಿಂತು ತೋರಿಸಿದರು. ಲೀಟರಿಗೆ 34 ರೂಪಾಯಿ 10 ಪೈಸೆಯಂತೆ 4.6 ಲೀಟರಿಗೆ ಎಷ್ಟಾಯಿತು ಎಂದು ಕೇಳಿದಾಗ ಆ ಹುಡುಗಿ ಪುಸ್ತಕದ ರೀತಿಯಲ್ಲಿ ಗುಣಿಸಲೇ ಇಲ್ಲ. ನಾಲ್ಕು ಲೀಟರಿಗೆ 136 ರೂಪಾಯಿ 40 ಪೈಸೆ, ಅರ್ಧ ಲೀಟರಿಗೆ 17 ರೂಪಾಯಿ 5 ಪೈಸೆ, ಉಳಿದ ಹತ್ತನೇ ಒಂದಕ್ಕೆ 3 ರೂಪಾಯಿ 41 ಪೈಸೆ. ಕೂಡಿಸಿ 156 ರೂಪಾಯಿ 86 ಪೈಸೆ ಎಂದಳು. ಇದೇ ಹುಡುಗಿಯ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನದ ದಶಮಾಂಶ ಗುಣಾಕಾರಗಳೆಲ್ಲ ತಪ್ಪಾಗಿದ್ದವು.

ಇದು ಲಕ್ಕೂರಿಗಷ್ಟೇ ಸೇರಿದ ಸಂಗತಿಯಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿಗಳಲ್ಲಿ ಎಳನೀರು, ಹಣ್ಣು ಮಾರುತ್ತಿದ್ದ ಒಂಬತ್ತರಿಂದ ಹದಿನೈದು ವಯಸ್ಸಿನ ಐವರು ಮಕ್ಕಳನ್ನು ಮೂವರು ಸಂಶೋಧಕರು ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಬಾಯಿಲೆಕ್ಕ ಕೇಳಿದಾಗ ಮಕ್ಕಳು ನೂರಕ್ಕೆ 98ರಷ್ಟು ಸರಿ ಉತ್ತರ ಕೊಟ್ಟರು. ಅವೇ ಅಂಕಿಗಳನ್ನು ಪೇಪರ್ ಪೆನ್ಸಿಲ್ ಕೊಟ್ಟು ಬರೀ ಲೆಕ್ಕವಾಗಿ ಮಾಡಿಸಿದಾಗ ಸರಿಯಾದದ್ದು ನೂರಕ್ಕೆ 37ರಷ್ಟು. ಮಕ್ಕಳು ಅವರೇ, ಅಂಕಿಯೂ ಅದೇ. ಐವರೇ ಮಕ್ಕಳ ಅಧ್ಯಯನ ಅದು, ಆದರೂ ಗಣಿತ ಕಲಿಸುವವರು ಅದನ್ನು ಇವತ್ತಿಗೂ ಓದುತ್ತಾರೆ. ಮಗು ಶಾಲೆಗೆ ಬರುವಾಗ ಏನೂ ತಿಳಿಯದೆ ಬರುತ್ತದೆ ಎಂಬ ನಂಬಿಕೆಯನ್ನು ಅದು ಅಲ್ಲಾಡಿಸಿತು.

ನನ್ನ ತತ್ವದ ಮೊದಲ ಅರ್ಧ ಇದೇ. ಪಾಠ ಶುರುವಾಗಬೇಕಾದದ್ದು ಮಗು ನಿಂತಿರುವ ಕಡೆಯಿಂದ. ಅದಕ್ಕೆ ಮೊದಲು ಮಗು ಎಲ್ಲಿ ನಿಂತಿದೆ ಅಂತ ಶಿಕ್ಷಕಿಗೆ ಗೊತ್ತಿರಬೇಕು. ಯಾರ ಮನೆಯಲ್ಲಿ ಹಸು ಇದೆ, ಯಾರ ಅಮ್ಮ ಸೇವಂತಿಗೆ ಬಿಡಿಸಲು ಕೂಲಿಗೆ ಹೋಗುತ್ತಾರೆ, ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿಯ ಟೊಮೆಟೊ ಬಾಕ್ಸು ಎಷ್ಟಕ್ಕೆ ಹೋಯಿತೆಂದು ಯಾರ ಮನೆಯಲ್ಲಿ ರಾತ್ರಿ ಮಾತಾಗುತ್ತದೆ, ಇವೆಲ್ಲ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಊರೊಳಗೆ ನಡೆದುಕೊಂಡು ಹೋಗಿ ತಿಳಿದುಕೊಳ್ಳಬೇಕು.

ಎರಡನೇ ಅರ್ಧವನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಮಗುವನ್ನು ಅದು ನಿಂತ ಕಡೆಯೇ ಬಿಟ್ಟುಬಿಡಬಾರದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸದ ಸುತ್ತ ಪಾಠಗಳನ್ನು ಕಟ್ಟಬೇಕು ಎಂದಿತು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಕಾಲೋನಿಯ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ ಪ್ರಶ್ನೆಯನ್ನು ನಾನು ಕಡೆಗಣಿಸಲಾರೆ. "ಸಗಣಿ ಬಾಚೋದು ಮನೇಲೇ ಕಲಿತವ್ನೆ, ಅದಕ್ಯಾಕಮ್ಮ ಸ್ಕೂಲು?" ಎಂದರು. ತಲೆಮಾರುಗಳಿಂದ ಒಂದೇ ಕೆಲಸಕ್ಕೆ ಕಟ್ಟಿಹಾಕಿಸಿಕೊಂಡವರಿಗೆ ಶಾಲೆ ಬೇಕಾಗಿರುವುದು ಅದರಿಂದ ಹೊರಗೆ ಹೋಗಲು. ಡೇರಿ ಚೀಟಿ ಹಿಡಿದ ಹುಡುಗಿ ಡೇರಿಯ ಲೆಕ್ಕದಲ್ಲೇ ನಿಂತುಬಿಟ್ಟರೆ ನಾನು ಅವಳಿಗೆ ಕಲಿಸಿದ್ದೇನು? ಚೀಟಿಯಿಂದ ಹೊರಟು ಚೀಟಿ ಬೇಕಿಲ್ಲದ ಗಣಿತದವರೆಗೆ ಅವಳು ಬರಬೇಕು.

ಹಳೆಯ ಕೋಲಾರ ಜಿಲ್ಲೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರದ್ದು ಬಡ ಕುಟುಂಬ. ಊರಿನ ಕಡೆ ಮುಂದಕ್ಕೆ ಓದುವ ಅನುಕೂಲವಿರಲಿಲ್ಲ. ಅವರಿಗೆ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನಲ್ಲಿದ್ದರು. 1935ರಲ್ಲಿ ಹುಡುಗ ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರು ಸೇರಿದ. ಆ ಹುಡುಗ ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಗೌರಿಬಿದನೂರು ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಸಿದರು. ಅವರ ನಡಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆ ನಡಿಗೆಯ ಕೊನೆಯಲ್ಲಿ ಪರಿಚಯದ ಮೇಷ್ಟ್ರೊಬ್ಬರು ಇದ್ದರು ಎನ್ನುವುದು.

ಮಗು ನಿಂತ ಕಡೆಯಿಂದ ಶುರುಮಾಡು ಎಂದು ಹೇಳುವುದು ಸುಲಭ. ಐದು ತರಗತಿ, ಇಬ್ಬರು ಶಿಕ್ಷಕರು ಇರುವಲ್ಲಿ ಮಾಡುವುದು ಹೇಗೆ? ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ನಮ್ಮ ನೆರೆಯಲ್ಲೇ ಹುಟ್ಟಿತು. ಶ್ರೀನಿವಾಸಪುರದ ಆಚೆ ಆಂಧ್ರದ ಗಡಿ ದಾಟಿದರೆ ಮದನಪಲ್ಲಿಯ ಕಡೆ. ಅಲ್ಲಿನ ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಒಂದು ಕ್ರಮ ರೂಪಿಸಿತು. ಪಠ್ಯಪುಸ್ತಕವನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಬಿಡಿಸಿ, ಒಂದೊಂದಕ್ಕೂ ಒಂದು ಕಾರ್ಡು ಮಾಡಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿಬಂದು, ಯುನಿಸೆಫ್ ನೆರವಿನೊಂದಿಗೆ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಅದೇ ನಲಿಕಲಿ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ.

ನಲಿಕಲಿ ಕೊಠಡಿಗೆ ಹೋದವರು ಮೊದಲು ತಲೆ ಮೇಲೆತ್ತಿ ನೋಡುತ್ತಾರೆ. ದಾರ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನೆಲ್ಲ ನೇತುಹಾಕಿದ ಕಲಿಕಾ ಚಪ್ಪರ. ಗೋಡೆಯ ಕೆಳಭಾಗದಲ್ಲಿ, ಕೂತ ಮಗುವಿನ ಕೈಗೆ ಎಟುಕುವಂತೆ ಕಪ್ಪುಹಲಗೆ. ಒಂದು ಕಡೆ ಕಲಿಕೆಯ ಏಣಿಯ ಚಿತ್ರ, ಮೆಟ್ಟಿಲು ಮೆಟ್ಟಿಲಿಗೂ ಗುರುತು. ಮಗು ತಾನು ಎಲ್ಲಿದ್ದೇನೆಂದು ಏಣಿಯಲ್ಲಿ ನೋಡಿಕೊಂಡು, ಆ ಗುರುತಿನ ಕಾರ್ಡನ್ನು ಟ್ರೇಯಿಂದ ತಾನೇ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪು ಐದು: ಶಿಕ್ಷಕರ ಪೂರ್ಣ ಸಹಾಯ ಬೇಕಾದವರದ್ದು, ಸ್ವಲ್ಪ ಸಹಾಯ ಸಾಕಾದವರದ್ದು, ಜೊತೆಯ ಮಕ್ಕಳ ಪೂರ್ಣ ಸಹಾಯದಿಂದ ಮಾಡುವವರದ್ದು, ಜೊತೆಯವರು ಅಷ್ಟಿಷ್ಟು ಹೇಳಿದರೆ ಸಾಕಾದವರದ್ದು, ತಾವೇ ಮಾಡಿಕೊಳ್ಳುವವರದ್ದು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಹೇಳಿದ್ದನ್ನು ಪರೀಕ್ಷೆಗೆ ಎಷ್ಟು ಸಲ ಓದಿದರೂ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಒಬ್ಬರ ನೆರವಿನಿಂದ ಮಾಡಬಲ್ಲದ್ದಕ್ಕೂ ಒಂಟಿಯಾಗಿ ಮಾಡಬಲ್ಲದ್ದಕ್ಕೂ ನಡುವೆ ಇರುವ ಜಾಗದಲ್ಲೇ ಮಗು ಬೆಳೆಯುವುದು ಎಂಬ ಅವನ ವಿಚಾರ ಈ ಐದು ಗುಂಪುಗಳನ್ನು ನೋಡಿದಾಗ ಕಣ್ಣಿಗೇ ಕಂಡಿತು.

ಅಕ್ಷರವೂ ಇಲ್ಲಿ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಬರೆಯಲು ಸುಲಭ, ಐದೇ ಅಕ್ಷರ ಬಂದರೂ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ತಿಂಗಳುಗಟ್ಟಲೆ ವರ್ಣಮಾಲೆ ತಿದ್ದಿದ ಮೇಲೆ ಓದುವುದಲ್ಲ, ಕೆಲವೇ ದಿನದಲ್ಲಿ ಮಗು ಓದುವವರ ಸಾಲಿಗೆ ಸೇರುತ್ತದೆ. ಪೋಷಕರಿಗೆ ಇದು ಗೊತ್ತಾಗುವುದಿಲ್ಲ, ಯಾರೂ ಹೇಳಿರುವುದೂ ಇಲ್ಲ. "ನಮ್ಮ ಹುಡುಗ್ನಿಗೆ ಅಆಇಈನೇ ಬರಲ್ಲ, ಬರೀ ಹಾಡು ಕುಣಿತ" ಎಂದು ಸಿಟ್ಟಾಗುತ್ತಾರೆ. ಅವರನ್ನು ಒಂದು ದಿನ ಕೊಠಡಿಯೊಳಗೆ ಕೂರಿಸಿ ಏಣಿ ತೋರಿಸುವುದು ನನ್ನ ಮಟ್ಟಿಗೆ ಪಾಠದಷ್ಟೇ ಮುಖ್ಯ.

ಈ ಏಣಿಯ ದೊಡ್ಡ ಗುಣ ನನಗೆ ತಿಳಿದದ್ದು ಇಟ್ಟಿಗೆ ಕಾರ್ಖಾನೆಯ ಮಕ್ಕಳಿಂದ. ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ತಾಲ್ಲೂಕು. ಕೆಲಸ ಹುಡುಕಿಕೊಂಡು ದೂರದೂರದಿಂದ ಸಂಸಾರಗಳು ಬರುತ್ತವೆ, ಸೀಸನ್ ಮುಗಿದರೆ ಹೋಗುತ್ತವೆ. ಮಕ್ಕಳು ನಡುವರ್ಷ ಬಂದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಟಿ.ಸಿ. ಇಲ್ಲವೆಂದು ಅವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸಬಾರದು, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಕೊಡಬೇಕು. ಕಾಗದದ ಮೇಲೆ ಸೇರಿಸಿಕೊಂಡರೂ ತರಗತಿಯಲ್ಲಿ ಹತ್ತನೇ ಪಾಠ ನಡೆಯುತ್ತಿದ್ದರೆ ಆ ಮಗು ಸುಮ್ಮನೆ ಕೂತಿರುತ್ತದೆ. ಏಣಿ ಇದ್ದರೆ ಅದು ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹತ್ತುತ್ತದೆ. ಮೂರು ತಿಂಗಳು ಬಿಟ್ಟು ಬಂದರೂ ಅದರ ಮೆಟ್ಟಿಲು ಅಲ್ಲೇ ಇರುತ್ತದೆ. ನಾಲ್ಕು ಮತ್ತು ಐದನೇ ತರಗತಿಗೂ ನಾನು ಗಣಿತಕ್ಕಾದರೂ ಇಂಥ ಕಾರ್ಡುಗಳನ್ನು ಮಾಡಿಕೊಳ್ಳುತ್ತೇನೆ. ಈಗಲೇ ಶುರುಮಾಡಿದ್ದೇನೆ, ರಟ್ಟಿಗೆ ಹಳೇ ಮದುವೆ ಕಾರ್ಡುಗಳು ಸಾಕು.

ನಮ್ಮ ಕಡೆಯ ಶಾಲೆಗಳ ಇನ್ನೊಂದು ಸಂಗತಿಯನ್ನು ಬಿಟ್ಟು ನನ್ನ ತತ್ವ ಬರೆಯಲಾಗದು, ಅದು ಭಾಷೆ. ನಮ್ಮ ಮನೆಯಲ್ಲಿ ಅಜ್ಜಿಯ ಜೊತೆ ತೆಲುಗು, ಅಪ್ಪನ ಜೊತೆ ಕನ್ನಡ. ತಮಿಳುನಾಡಿನ ಹೊಸೂರು ಕಡೆಯಿಂದ ಅತ್ತೆ ಬಂದರೆ ತಮಿಳು. ಲಕ್ಕೂರು ಹೋಬಳಿಯಲ್ಲಿ ಇದು ಎಷ್ಟೋ ಮನೆಗಳ ಕಥೆ. ಮಾತೃಭಾಷೆಯಲ್ಲಿ ಶಿಕ್ಷಣ ಎಂದು ರಾಜ್ಯದಲ್ಲಿ ನಡೆದ ಚರ್ಚೆಯೆಲ್ಲ ಕನ್ನಡ ಇಲ್ಲವೇ ಇಂಗ್ಲಿಷ್ ಎಂಬಷ್ಟಕ್ಕೇ ನಿಂತಿತು. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆ ತಾಯಿ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ತೀರ್ಪು ಏನೇ ಇರಲಿ, ಒಂದನೇ ತರಗತಿಗೆ ಬಂದ ತೆಲುಗು ಮನೆಮಾತಿನ ಮಗುವಿಗೆ ಮೊದಲ ದಿನ ಏನಾಗುತ್ತದೆ ಎನ್ನುವುದು ಶಿಕ್ಷಕಿಯ ಕೈಯಲ್ಲಿದೆ.

ಅಂಥ ಒಬ್ಬ ಹುಡುಗ ನಾನಿದ್ದ ಶಾಲೆಯಲ್ಲಿದ್ದ. ತುಟಿ ಬಿಚ್ಚುವವನಲ್ಲ, ಬಹಳ ಮೌನಿ ಎಂದೇ ಎಲ್ಲರ ಎಣಿಕೆ. ಊಟದ ಬಿಡುವಿನಲ್ಲಿ ನಾನು ತೆಲುಗಿನಲ್ಲಿ ಮಾತಾಡಿಸಿದೆ. ರಾತ್ರಿ ಅವರ ಮೇಕೆ ಈದದ್ದನ್ನು ಉಸಿರು ಬಿಡದೆ ಹೇಳಿದ. ಮೊದಲ ಮರಿ ಬೇಗ ಎದ್ದು ನಿಂತದ್ದು, ಎರಡನೆಯದು ಏಳದೆ ಇದ್ದದ್ದು, ತಾತ ಗೋಣಿಚೀಲದಲ್ಲಿ ಮೈ ಉಜ್ಜಿದ್ದು, ಚಳಿಗೆ ಹಾಗಾಯಿತು ಎಂದು ಅಮ್ಮ ಹೇಳಿದ್ದು. ಮೊದಲು ಏನು, ಆಮೇಲೆ ಏನು, ಯಾಕೆ ಹಾಗಾಯಿತು, ಎಲ್ಲ ಕ್ರಮವಾಗಿ ಬಂತು. ಒಂದನೇ ತರಗತಿಯ ಭಾಷೆಯ ಪಾಠದಿಂದ ನಾವು ಬಯಸುವುದು ಇದನ್ನೇ ಅಲ್ಲವೇ? ಮಧ್ಯಾಹ್ನ ಅವನು ತೆಲುಗಿನಲ್ಲೇ ಎಲ್ಲರಿಗೂ ಹೇಳಿದ, ಅದನ್ನೇ ನಾನು ಕನ್ನಡದಲ್ಲಿ ಹೇಳಿದೆ, ಮಕ್ಕಳು ಚಿತ್ರ ಬರೆದರು. ಮಾರನೇ ದಿನ ಎರಡನೇ ಮರಿ ಎದ್ದಿದೆಯೆಂದು ಅವನು ಬಾಗಿಲಲ್ಲೇ ನಿಂತು ಹೇಳಿದ, ಅರ್ಧ ಕನ್ನಡ, 
ಅರ್ಧ ತೆಲುಗು. ಕನ್ನಡ ಅವನಿಗೆ ಬಂದೇ ಬರುತ್ತದೆ. ನಮ್ಮ ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಅವರಿಗೆ ಜ್ಞಾನಪೀಠ ಬಂದದ್ದು ಕನ್ನಡದ ಕಾದಂಬರಿಗೆ. ಮನೆಮಾತನ್ನು ಬಾಗಿಲಾಚೆ ಬಿಟ್ಟು ಬಾ ಎಂದು ಹೇಳದೆಯೇ ಕನ್ನಡ ಕಲಿಸಬಹುದು ಎನ್ನುವುದು ನನ್ನ ನಂಬಿಕೆ. ಮಗುವಿಗೆ ಚೆನ್ನಾಗಿ ಗೊತ್ತಿರುವ ಭಾಷೆಯಿಂದ ಶುರುಮಾಡಿ ಎಂದು ಯುನೆಸ್ಕೋ 1953ರಷ್ಟು ಹಿಂದೆಯೇ ಹೇಳಿದೆ.

ಇಂಗ್ಲಿಷಿನ ವಿಷಯಕ್ಕೆ ಬಂದರೆ ಪೋಷಕರನ್ನು ದೂರುವವರ ಜೊತೆ ನಾನಿಲ್ಲ. ಬೆಳಿಗ್ಗೆ ಎಂಟಕ್ಕೆ ಖಾಸಗಿ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬಂದು ನಿಂತಾಗ ಮಗುವನ್ನು ಹತ್ತಿಸುವ ತಾಯಿ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿಯುವವಳು. ಇಂಗ್ಲಿಷ್ ಬಂದವರಿಗೆ ಅಲ್ಲಿ ಸಿಗುವ ಕುರ್ಚಿಯನ್ನು ದಿನವೂ ನೋಡುತ್ತಾಳೆ. ಸರ್ಕಾರವೂ 2019-20ರಿಂದ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಿತು. ನನ್ನ ನಿಲುವು ಬೇರೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಸಬೇಕಾಗಿಲ್ಲ. 2007-08ರಿಂದಲೇ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಅದನ್ನು ಮಾತಾಡಿ ಕಲಿಸುವವರು ಬೇಕು. ಅದಕ್ಕಾಗಿ ನಾನು ದಿನಾ ರಾತ್ರಿ ಇಂಗ್ಲಿಷಿನಲ್ಲಿ ಮಕ್ಕಳ ಕಥೆಯೊಂದನ್ನು ಗಟ್ಟಿಯಾಗಿ ಓದಿ ತಂಗಿಗೆ ಹೇಳುತ್ತೇನೆ.

ಬೋಧನಾಭ್ಯಾಸ ಮುಗಿಯುವ ವಾರ ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದು, ಮುಂದಿನ ವರ್ಷ ವ್ಯಾನಿಗೆ ಹಾಕಬೇಕೆಂದಿದ್ದೇನೆ, ನೀವೇನು ಹೇಳ್ತೀರಿ ಮೇಡಂ ಎಂದು ಕೇಳಿದರು. ಐದನೇ ತರಗತಿ ಮುಗಿಯುವಷ್ಟರಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಏನೆಲ್ಲ ಬರಬೇಕೋ ಅದನ್ನು ಹೇಳಿದೆ. ಬರೆದುಕೊಡಿ ಎಂದರು. ಮಗುವಿನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ: ಕನ್ನಡ ಪತ್ರಿಕೆಯ ಒಂದು ಸುದ್ದಿ ಓದಿ ತನ್ನ ಮಾತಿನಲ್ಲಿ ಹೇಳಬೇಕು. ಮಂಡಿಯ ಬಿಲ್ಲು ಕೊಟ್ಟರೆ ಕಮಿಷನ್ ಕಳೆದು ಕೈಗೆ ಬರುವ ಹಣ ಎಷ್ಟೆಂದು ಲೆಕ್ಕ ಹಾಕಬೇಕು. ಇಂಗ್ಲಿಷಿನ ಸಣ್ಣ ಕಥೆಯೊಂದನ್ನು ಓದಿ ಕನ್ನಡದಲ್ಲೂ ಮನೆಯ ತೆಲುಗಿನಲ್ಲೂ ಹೇಳಬೇಕು. ಗೊತ್ತಾಗದ್ದನ್ನು ಹೆದರದೆ ಕೇಳಬೇಕು. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಂದು ಕೇಳಿ, ಎಷ್ಟಾಗಿದೆ ಎಂದು ಮಗುವಿನಿಂದಲೇ ಮಾಡಿಸಿ ನೋಡಿ ಎಂದೆ. ಆ ಶಾಲೆಯ ಶಿಕ್ಷಕಿ ಅದನ್ನು ಓದಿ ಕೆಳಗೆ ತಾವೂ ಸಹಿ ಹಾಕಿದರು. ತಾಯಿ ನೋಟ್‌ಬುಕ್ಕನ್ನು ಮಗಳ ಬ್ಯಾಗಿಗೆ ಹಾಕದೆ ತಮ್ಮ ಚೀಲದಲ್ಲೇ ಇಟ್ಟುಕೊಂಡರು.